ಮಂಡಿಯೂರಿದ ಅಧಿಕಾರ

2013ರ ಮಾರ್ಚ್ 28, ಪವಿತ್ರ ಗುರುವಾರ. ಪೋಪ್ ಆಗಿ ಎರಡು ವಾರವಷ್ಟೇ ಆಗಿದ್ದ ಫ್ರಾನ್ಸಿಸ್ ರೋಮಿನ ಕಸಾಲ್ ದೆಲ್ ಮಾರ್ಮೊ ಬಾಲಾಪರಾಧಿಗಳ ಜೈಲಿಗೆ ಹೋದರು. 76ರ ವಯಸ್ಸಿನಲ್ಲಿ ಕಲ್ಲುನೆಲದ ಮೇಲೆ ಮಂಡಿಯೂರಿ, ಹನ್ನೆರಡು ಎಳೆಯ ಕೈದಿಗಳ ಪಾದಕ್ಕೆ ನೀರು ಹೊಯ್ದು, ಬಟ್ಟೆಯಲ್ಲಿ ಒರೆಸಿ, ಬಾಗಿ ಮುತ್ತಿಟ್ಟರು. ಅವರಲ್ಲಿ ಇಬ್ಬರು ಹೆಣ್ಣುಮಕ್ಕಳು, ಒಬ್ಬಾಕೆ ಮುಸ್ಲಿಂ. ಆ ವಿಧಿಗೆ ಗಂಡಸರನ್ನೇ ಕೂರಿಸಬೇಕೆಂಬ ನಿಯಮ ಆಗಿನ್ನೂ ಇತ್ತು. ಅದು ಬದಲಾದದ್ದು 2016ರಲ್ಲಿ.

ಯೇಸು ಶಿಷ್ಯರ ಕಾಲು ತೊಳೆದ ಪ್ರಸಂಗ ಯೋಹಾನನ ಸುವಾರ್ತೆಯ 13ನೇ ಅಧ್ಯಾಯದಲ್ಲಿದೆ. ನಮ್ಮ ಕಥೋಲಿಕ ಚರ್ಚುಗಳಲ್ಲೂ ವರ್ಷಕ್ಕೊಮ್ಮೆ ಹನ್ನೆರಡು ಜನ ಸಾಲಾಗಿ ಕೂರುವುದು ಅದರ ನೆನಪಿಗೇ. ಉಳಿದ ದಿನಗಳಲ್ಲಿ ಗುರುವಾದವರು ಅಧಿಕಾರವನ್ನು ಹೇಗೆ ನಡೆಸಬೇಕು ಎಂಬ ಹುಡುಕಾಟಕ್ಕೆ ಬೇರೆಯೇ ಚರಿತ್ರೆಯಿದೆ.

ಆರನೇ ಶತಮಾನದ ಕೊನೆಯಲ್ಲಿ ಪೋಪ್ ಆದ ಒಂದನೇ ಗ್ರೆಗರಿ ತಮ್ಮನ್ನು 'ದೇವರ ಸೇವಕರ ಸೇವಕ' ಎಂದು ಕರೆದುಕೊಂಡರು. ಬಿರುದು ಉಳಿಯಿತು, ಮುಂದೆ ಅದರ ಪಕ್ಕದಲ್ಲೇ ಮೂರು ಸುತ್ತಿನ ಕಿರೀಟವೂ ಬೆಳೆಯಿತು. ಅಸ್ಸಿಸಿಯ ಸಂತ ಫ್ರಾನ್ಸಿಸರು ಮಾತಿಗೆ ನಿಲ್ಲಲಿಲ್ಲ. ತಾವೇ ಕಟ್ಟಿದ ಸಂಘದ ಯಜಮಾನಿಕೆಯನ್ನು 1220ರಲ್ಲಿ ಬಿಟ್ಟುಕೊಟ್ಟರು.

ಆ ಮೂರು ಸುತ್ತಿನ ಕಿರೀಟವನ್ನು ಬಡವರಿಗೆಂದು ಬಲಿಪೀಠದ ಮೇಲೆ ಇಟ್ಟವರು ಪೋಪ್ ಆರನೇ ಪೌಲ್, 1964ರಲ್ಲಿ. ಮರುವರ್ಷ ನವೆಂಬರ್ 16ರಂದು, ಎರಡನೇ ವ್ಯಾಟಿಕನ್ ಮಹಾಸಭೆ ಮುಗಿಯುವ ಹೊತ್ತಿಗೆ, ಸುಮಾರು 40 ಬಿಷಪ್ಪರು ರೋಮಿನ ದೊಮಿತಿಲ್ಲ ಸುರಂಗ ಸಮಾಧಿಗಳಲ್ಲಿ ಸೇರಿ ಒಂದು ಪ್ರತಿಜ್ಞೆಗೆ ಸಹಿ ಹಾಕಿದರು. ಜನಸಾಮಾನ್ಯರಂಥ ಮನೆ, ಅವರಂಥದೇ ಊಟ. ಸ್ವಂತ ಹೆಸರಿನಲ್ಲಿ ಆಸ್ತಿ, ಬ್ಯಾಂಕ್ ಖಾತೆ ಬೇಡ. ದೊಡ್ಡಸ್ತಿಕೆಯ ಬಿರುದು ಬೇಡ. ಹಣಕಾಸಿನ ಉಸ್ತುವಾರಿ ಸಾಧ್ಯವಾದಷ್ಟೂ ಶ್ರೀಸಾಮಾನ್ಯರ ಕೈಗೆ. ಬ್ರೆಜಿಲಿನ ರೆಸಿಫೆಯಲ್ಲಿ ಆರ್ಚ್‌ಬಿಷಪ್ ಹೆಲ್ಡರ್ ಕಾಮರ ಅರಮನೆ ಬಿಟ್ಟು ಚರ್ಚಿನ ಹಿಂಬದಿಯ ಪುಟ್ಟ ಮನೆಗೆ ಬಂದರು. ವಿನಯಕ್ಕೆ ವಿಳಾಸ, ಲೆಕ್ಕಪುಸ್ತಕ ಎರಡೂ ಸಿಕ್ಕಿದ್ದು ಆಗ.

'ಸೇವಕ ನಾಯಕತ್ವ' ಎಂಬ ಮಾತನ್ನು ಚಾಲ್ತಿಗೆ ತಂದವರು ಪಾದ್ರಿಯಲ್ಲ. ಅಮೆರಿಕದ ದೂರವಾಣಿ ಕಂಪನಿಯೊಂದರಿಂದ ನಿವೃತ್ತರಾದ ರಾಬರ್ಟ್ ಗ್ರೀನ್‌ಲೀಫ್, 1970ರ ಪ್ರಬಂಧದಲ್ಲಿ. ಇಂಥ ನಾಯಕತ್ವವನ್ನು ಅಳೆಯಲು 2011ರಲ್ಲಿ ಡಚ್ ಸಂಶೋಧಕರು ರೂಪಿಸಿದ ಪ್ರಶ್ನಾವಳಿಯ ಎಂಟು ಅಳತೆಗಳಲ್ಲಿ ವಿನಯವೂ ಒಂದು. ಅದಕ್ಕೆ ಉತ್ತರಿಸುವವರು ನಾಯಕರಲ್ಲ, ಅವರ ಕೈಕೆಳಗಿನವರು. ಸರಿಯಾದ ಕ್ರಮವೇ.

ಈ ಸೇವೆಯ ಆದರ್ಶಕ್ಕೆ ಆಕ್ಷೇಪಗಳೂ ಬಂದವು. ತಲೆಮಾರುಗಳಿಂದ ಪರರ ಮನೆಗೆಲಸ ಮಾಡಿದ ಕಪ್ಪು ಹೆಂಗಸರಿಗೆ ಸೇವೆಯ ಉಪದೇಶ ಬಿಡುಗಡೆಯಾದೀತೆ ಎಂದು ದೇವಶಾಸ್ತ್ರಜ್ಞೆ ಜಾಕ್ವಲಿನ್ ಗ್ರಾಂಟ್ 1993ರಲ್ಲಿ ಕೇಳಿದರು. ಇನ್ನೂ ನೋವಿನ ಪೆಟ್ಟು ಬಿದ್ದದ್ದು 2020ರಲ್ಲಿ. ಬುದ್ಧಿಮಾಂದ್ಯರೊಡನೆ ಬಾಳುವ ಲಾರ್ಶ್ ಸಮುದಾಯಗಳನ್ನು ಕಟ್ಟಿ, ಪಾದ ತೊಳೆಯುವುದನ್ನು ಅಲ್ಲಿನ ಸಂಪ್ರದಾಯವಾಗಿಸಿದ ಜಾನ್ ವಾನಿಯೇ ಹಲವು ಹೆಂಗಸರನ್ನು ಲೈಂಗಿಕವಾಗಿ ಶೋಷಿಸಿದ್ದರೆಂದು ಆ ಸಂಸ್ಥೆಯೇ ಮಾಡಿಸಿದ ತನಿಖೆ ಹೇಳಿತು. ಸರಳ ಬದುಕು, ಮೆಲುದನಿ, ನೀರಿನ ಬೋಗುಣಿ, ಎಲ್ಲವೂ ಅವರ ಬಳಿ ಇದ್ದವು. ಅವರನ್ನು ಪ್ರಶ್ನಿಸುವ ವ್ಯವಸ್ಥೆ ಇರಲಿಲ್ಲ.

2019ರ ಏಪ್ರಿಲಿನಲ್ಲಿ ಪೋಪ್ ಫ್ರಾನ್ಸಿಸ್ ಶಾಂತಿಗಾಗಿ ಅಂಗಲಾಚಿ ದಕ್ಷಿಣ ಸುಡಾನಿನ ನಾಯಕರ ಪಾದಕ್ಕೆ ಮುತ್ತಿಟ್ಟ ಚಿತ್ರ ಜಗತ್ತನ್ನೆಲ್ಲ ಸುತ್ತಿತು. ಮುಂದಿನ ತಿಂಗಳೇ ಅವರು ಹೊರಡಿಸಿದ ಕಾನೂನಿಗೆ ಅಷ್ಟು ಪ್ರಚಾರ ಸಿಗಲಿಲ್ಲ. ಲೈಂಗಿಕ ಶೋಷಣೆಯನ್ನಾಗಲಿ ಅದನ್ನು ಮುಚ್ಚಿಹಾಕಿದ್ದನ್ನಾಗಲಿ ಕಂಡ ಪಾದ್ರಿಗಳು, ಸನ್ಯಾಸಿನಿಯರು ದೂರು ಕೊಡಲೇಬೇಕು. ಆರೋಪ ಹೊತ್ತವರು ಬಿಷಪ್ಪರೇ ಆದರೂ ತನಿಖೆ ನಡೆಯಬೇಕು. 2023ರಲ್ಲಿ ಅದು ಕಾಯಂ ಆಯಿತು.