ಬೆಳಕಿನ ಕಸುಬು ಕಲಿಸಿದ ಶಾಲೆ

ರಾಜ್ಯೋತ್ಸವ ಬಂತೆಂದರೆ ಮುಂಬಯಿಯ ಕನ್ನಡಿಗರಾದ ನಾವು ಕವಿಗಳನ್ನು ಸ್ಮರಿಸುತ್ತೇವೆ, ಅರಸರನ್ನು ಸ್ಮರಿಸುತ್ತೇವೆ. ಅದು ಯುಕ್ತವೇ. ಆದರೆ ಕಸುಬು ಕಲಿಸಿದ ಶಾಲೆಗಳನ್ನು ನೆನೆಯುವವರು ವಿರಳ. ಅಂಥ ಒಂದು ಶಾಲೆಯ ಋಣ ನಾವಿರುವ ಈ ನಗರದ ಮೇಲೂ ಇದೆ. ಅದನ್ನು ಇಲ್ಲಿ ನಿವೇದಿಸಬಯಸುತ್ತೇವೆ.

ಮೈಸೂರು ಸೀಮೆಗೆ ಹೊಸ ವಿದ್ಯೆಗಳ ಹಂಬಲ ಮೊದಲಿನಿಂದಲೂ ಇತ್ತು. ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಹೂಡಿದರು. ಅದೇ ‘ಆಕಾಶವಾಣಿ’. ಅದು ಒಬ್ಬ ವಿದ್ವಾಂಸರ ಉತ್ಸಾಹದ ಫಲ. ಧ್ವನಿಮುದ್ರಣವನ್ನೋ ಚಿತ್ರಗ್ರಹಣವನ್ನೋ ಕಲಿಯಬೇಕೆಂಬ ಸಾಮಾನ್ಯ ಮನೆಯ ಹುಡುಗ ಮಾತ್ರ ಸ್ಟುಡಿಯೋ ಬಾಗಿಲಲ್ಲಿ ಕಾದು, ಯಾರಾದರೊಬ್ಬರ ಕೈಕೆಳಗೆ ವರ್ಷಗಟ್ಟಲೆ ದುಡಿದೇ ಕಲಿಯಬೇಕಾಗಿತ್ತು.

ಈ ಕೊರತೆ ನೀಗಿದ್ದು 1940ರ ದಶಕದಲ್ಲಿ, ಬೆಂಗಳೂರಿನಲ್ಲಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನಡೆಸಿಕೊಟ್ಟದ್ದಕ್ಕಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ಸರ್ ಎಂ. ವಿಶ್ವೇಶ್ವರಯ್ಯನವರು ಸ್ವಂತಕ್ಕೆ ಬಳಸದೆ, ತರುಣರಿಗೆ ಕಸುಬು ಕಲಿಸುವ ಸಂಸ್ಥೆಯೊಂದಕ್ಕೆ ಒಪ್ಪಿಸಿದರು. ತಮ್ಮ ಹೆಸರನ್ನೂ ಇಡಗೊಡಲಿಲ್ಲ. ಅದು ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಎನಿಸಿತು, ಮುಂದೆ ಪಾಲಿಟೆಕ್ನಿಕ್ ಆಯಿತು. ಬೇರೆ ಕಸುಬುಗಳ ಜೊತೆಗೆ ಅಲ್ಲಿ ಚಿತ್ರಗ್ರಹಣವನ್ನೂ ಧ್ವನಿಶಾಸ್ತ್ರವನ್ನೂ ಕಲಿಸಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಹುಟ್ಟಿದ್ದು 1960ರಲ್ಲಿ ಎಂಬುದನ್ನು ನೆನೆದರೆ ಈ ಮುಂದಾಲೋಚನೆಯ ಬೆಲೆ ತಿಳಿದೀತು.

ಆಗಿನ ಚಿತ್ರಗ್ರಹಣವೇನೂ ಸುಲಭದ ವಿದ್ಯೆಯಲ್ಲ. ಕ್ಯಾಮೆರಾದೊಳಗೆ ಬಿದ್ದ ಬೆಳಕು ಹೆಚ್ಚೋ ಕಡಿಮೆಯೋ ಎಂಬುದು ಫಿಲ್ಮನ್ನು ರಾಸಾಯನಿಕದಲ್ಲಿ ತೊಳೆದ ಮೇಲಷ್ಟೇ ಗೊತ್ತಾಗುತ್ತಿತ್ತು. ಬ್ಯಾಂಕಿನ ಲೆಡ್ಜರಿನಲ್ಲಿ ನಮ್ಮಿಂದ ತಪ್ಪಾದರೆ ಮರುದಿನ ತಿದ್ದಬಹುದು. ಅಲ್ಲಿ ಕೆಟ್ಟ ಫಿಲ್ಮು ಕೆಟ್ಟಿತೇ. ಆದುದರಿಂದ ಮಸೂರದ ಗಣಿತವೂ ರಸಾಯನವೂ ಕೈಚಳಕದಷ್ಟೇ ಅಗತ್ಯವಾಗಿದ್ದವು.

ಈ ಶಾಲೆಯಿಂದ 1946ರಲ್ಲಿ ಡಿಪ್ಲೊಮಾ ಪಡೆದು ಮುಂಬಯಿಗೆ ಬಂದವರು ಮೈಸೂರಿನ ವಿ. ಕೆ. ಮೂರ್ತಿಯವರು. 1951ರ ‘ಬಾಜಿ’ಯಲ್ಲಿ ಅವರು ಬರಿಯ ಸಹಾಯಕರು. ಅವರ ಕೆಲಸ ಕಂಡು ಮೆಚ್ಚಿದ ಗುರುದತ್ತರು ಮರುವರ್ಷ ‘ಜಾಲ್’ ಚಿತ್ರದ ಕ್ಯಾಮೆರಾವನ್ನೇ ಅವರಿಗೆ ವಹಿಸಿದರು. 1959ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಸ್ಟುಡಿಯೋದೊಳಕ್ಕೆ ತಿರುಗಿಸಿ ಅವರು ಇಳಿಬಿಟ್ಟ ಆ ಬೆಳಕಿನ ಕೋಲು ಇಂದಿಗೂ ಪ್ರಸಿದ್ಧ. 2008ನೆಯ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ದೊರೆತದ್ದು ಅದೇ ಮೊದಲು.

ಕರಾಚಿಯಲ್ಲಿ ಹುಟ್ಟಿದ ಗೋವಿಂದ ನಿಹಲಾನಿಯವರೂ 1962ರಲ್ಲಿ ಇದೇ ಶಾಲೆಯಿಂದ ಹೊರಬಂದು ಮೂರ್ತಿಯವರಿಗೆ ಸಹಾಯಕರಾದರು. 1988ರಲ್ಲಿ ದೂರದರ್ಶನದ ಮುಂದೆ ದೇಶವನ್ನೇ ಕೂರಿಸಿದ ‘ತಮಸ್’ ನಿಹಲಾನಿಯವರ ನಿರ್ದೇಶನ. ಅದೇ ವರ್ಷದ ‘ಭಾರತ್ ಏಕ್ ಖೋಜ್’ನಲ್ಲಿ ಮೂರ್ತಿಯವರ ಕ್ಯಾಮೆರಾ. ಗುರುಶಿಷ್ಯರಿಬ್ಬರೂ ಒಂದೇ ಶಾಲೆಯವರು! ಆ ವಿಭಾಗ ಮುಂದೆ ಹೆಸರಘಟ್ಟದ ಸರ್ಕಾರಿ ಸಂಸ್ಥೆಯಾಗಿ ಬೆಳೆಯಿತು.

ಇಷ್ಟಾದರೂ ಮನೆಯ ಹುಡುಗ ಧ್ವನಿಮುದ್ರಣ ಕಲಿಯುತ್ತೇನೆಂದರೆ ನಮ್ಮ ಮುಖ ಬಾಡುತ್ತದೆ. “ಮೊದಲು ಒಂದು ಡಿಗ್ರಿ ಆಗಲಿ” ಎನ್ನುತ್ತೇವೆ. ಹಾಗೆನ್ನಿಸಿಕೊಂಡೇ ಬಿ.ಕಾಂ. ಮುಗಿಸಿ ಬ್ಯಾಂಕಿನ ಮೇಜಿಗೆ ಬಂದವರು ನಾವು. ಅನ್ನ ಕೊಟ್ಟ ಆ ಮೇಜನ್ನು ಹಳಿಯುವುದಿಲ್ಲ. ಆದರೆ ಊರು ಬಿಟ್ಟು ಬಂದ ಸಂಸಾರಗಳಿಗೆ ಭದ್ರತೆಯ ಚಿಂತೆ ಎಷ್ಟು ಸಹಜವೋ, ಮಕ್ಕಳ ಕೈಯಲ್ಲಿರುವ ಕಸುಬನ್ನು ಗುರುತಿಸುವುದೂ ಅಷ್ಟೇ ಕರ್ತವ್ಯವಲ್ಲವೇ? ವಿಶ್ವೇಶ್ವರಯ್ಯನವರು ತಮ್ಮ ಗಳಿಕೆಯನ್ನೇ ಯಾರದೋ ಮಕ್ಕಳ ಕಸುಬಿಗಾಗಿ ಒಪ್ಪಿಸಿದರು. ನಮ್ಮ ಮಕ್ಕಳಿಗೆ ನಾವು ಒಂದು ಒಪ್ಪಿಗೆಯನ್ನಾದರೂ ಕೊಡೋಣ.