ಡಿಸ್ನಿ ವರ್ಲ್ಡ್ ಪ್ರವಾಸ: ಊಟದ ಮೇಜು ಕಾಯ್ದಿರಿಸುವ ಮುನ್ನ ತಿಳಿಯಬೇಕಾದುದು

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳನ್ನು ಕಾಣಲು ಹೋಗುವ ಕನ್ನಡಿಗ ತಂದೆತಾಯಿಯರ ಪ್ರವಾಸಪಟ್ಟಿಯಲ್ಲಿ ನಯಾಗರ ಜಲಪಾತದ ಜೊತೆಗೆ ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ ಕೂಡ ಸೇರಿರುವುದುಂಟು. ಮೊಮ್ಮಕ್ಕಳೊಡನೆ ಅಜ್ಜ-ಅಜ್ಜಿಯರೂ ಹೊರಡುವ ಈ ಪ್ರವಾಸಕ್ಕೆ ವಿಮಾನದ ಟಿಕೆಟ್, ವಸತಿ, ಪ್ರವೇಶಪತ್ರಗಳನ್ನು ತಿಂಗಳುಗಳ ಮೊದಲೇ ಸಿದ್ಧಪಡಿಸುವವರು ಊಟದ ವಿಚಾರವನ್ನು ಮಾತ್ರ 'ಅಲ್ಲಿ ಹೋದ ಮೇಲೆ ನೋಡಿದರಾಯಿತು' ಎಂದು ಬಿಟ್ಟಿರುತ್ತಾರೆ. ಪರಿಣಾಮವಾಗಿ ಮಧ್ಯಾಹ್ನದ ಬಿಸಿಲಿನಲ್ಲಿ ಹಸಿದ ಮಗು, ಸಕ್ಕರೆ ಕಾಯಿಲೆಯ ಹಿರಿಯರು ಮತ್ತು ಮಾಂಸ ಮುಟ್ಟದ ಮನೆಮಂದಿ ಎಲ್ಲರೂ ಒಟ್ಟಿಗೆ ಮೇಜಿಗಾಗಿ ಅಲೆಯಬೇಕಾಗುತ್ತದೆ. ಈ ತೊಂದರೆಯನ್ನು ತಪ್ಪಿಸಲು ಅಗತ್ಯವಾದ ಮಾಹಿತಿಯನ್ನು ಇಲ್ಲಿ ಸಂಗ್ರಹಿಸಿ ಕೊಡಲಾಗಿದೆ.

ನಾಲ್ಕು ಉದ್ಯಾನಗಳ ಪರಿಚಯ

ಆರ್ಲಾಂಡೋ ನಗರದ ಸಮೀಪ 1971ರ ಅಕ್ಟೋಬರ್ 1ರಂದು ಆರಂಭವಾದ ಈ ವಿಹಾರಧಾಮದಲ್ಲಿ ನಾಲ್ಕು ಪ್ರತ್ಯೇಕ ಉದ್ಯಾನಗಳಿವೆ. ಮೊದಲನೆಯದು ಮ್ಯಾಜಿಕ್ ಕಿಂಗ್‌ಡಮ್ (1971), ಎರಡನೆಯದು ಎಪ್ಕಾಟ್ (1982), ಮೂರನೆಯದು ಹಾಲಿವುಡ್ ಸ್ಟುಡಿಯೋಸ್ (1989) ಹಾಗೂ ನಾಲ್ಕನೆಯದು ಅನಿಮಲ್ ಕಿಂಗ್‌ಡಮ್ (1998). ಇವು ಒಂದರ ಪಕ್ಕದಲ್ಲಿ ಒಂದು ಇರುವಂಥವಲ್ಲ. ಒಂದರಿಂದ ಮತ್ತೊಂದಕ್ಕೆ ಬಸ್ಸಿನಲ್ಲಿ ಹೋಗಲು, ಕಾಯುವ ಹೊತ್ತೂ ಸೇರಿ, ಒಂದು ಗಂಟೆಯನ್ನು ಮೀಸಲಿಡುವುದು ಕ್ಷೇಮ. ಆದ್ದರಿಂದ ಯಾವ ದಿನ ಯಾವ ಉದ್ಯಾನ ಎಂಬುದನ್ನು ಮೊದಲು ನಿರ್ಧರಿಸಿ, ಅನಂತರವೇ ಊಟದ ಸ್ಥಳವನ್ನು ಆಯ್ದುಕೊಳ್ಳಬೇಕು. ಈ ಕ್ರಮ ತಲೆಕೆಳಗಾದರೆ ಊಟಕ್ಕಾಗಿಯೇ ಅರ್ಧ ದಿನ ಪ್ರಯಾಣದಲ್ಲಿ ಕಳೆದುಹೋಗುತ್ತದೆ.

ಗಮನಿಸಬೇಕಾದ ಮತ್ತೊಂದು ಅಂಶವಿದೆ. ಉದ್ಯಾನದೊಳಗಿನ ರೆಸ್ಟೋರೆಂಟಿಗೆ ಹೋಗಲು ಆ ದಿನದ ಪ್ರವೇಶಪತ್ರ ಇರಲೇಬೇಕು. ಮೇಜು ಕಾಯ್ದಿರಿಸಿದ ಮಾತ್ರಕ್ಕೆ ಒಳಗೆ ಬಿಡುವುದಿಲ್ಲ. ಆದರೆ ಡಿಸ್ನಿಯ ವಸತಿ ಹೋಟೆಲುಗಳಲ್ಲಿರುವ ರೆಸ್ಟೋರೆಂಟುಗಳಿಗೂ ಡಿಸ್ನಿ ಸ್ಪ್ರಿಂಗ್ಸ್ ಎಂಬ ಅಂಗಡಿಬೀದಿಗೂ ಪ್ರವೇಶಪತ್ರ ಬೇಕಿಲ್ಲ. ಬಂದಿಳಿದ ದಿನ, ವಿಶ್ರಾಂತಿಯ ದಿನ ಹಾಗೂ ಹೊರಡುವ ದಿನಗಳಿಗೆ ಇವೇ ಯೋಗ್ಯ.

ಊಟದ ವ್ಯವಸ್ಥೆಯ ವಿಧಗಳು

ತ್ವರಿತ ಸೇವೆ: ಕೌಂಟರಿನಲ್ಲಿ ಪಡೆದು ತಿನ್ನುವ ವ್ಯವಸ್ಥೆ. ಕಾಯ್ದಿರಿಸುವ ಅಗತ್ಯವಿಲ್ಲ. ಡಿಸ್ನಿಯ ಮೊಬೈಲ್ ಆ್ಯಪ್ ಮೂಲಕ ಮೊದಲೇ ಆರ್ಡರ್ ಮಾಡಿ ನಿಗದಿತ ವೇಳೆಗೆ ಹೋಗಿ ಪಡೆಯಬಹುದು. ಬೆಳಿಗ್ಗೆಯೇ ಆ್ಯಪಿನಲ್ಲಿ ಮಧ್ಯಾಹ್ನದ ವೇಳೆಯನ್ನು ಆಯ್ದುಕೊಂಡರೆ ಸರದಿಯ ಕಾಟ ತಪ್ಪುತ್ತದೆ.

ಮೇಜಿನ ಸೇವೆ: ಮಾಣಿಗಳು ಬಂದು ಬಡಿಸುವ ರೆಸ್ಟೋರೆಂಟುಗಳು. ಮುಂಗಡ ಕಾಯ್ದಿರಿಸುವಿಕೆ ಮುಖ್ಯವಾಗಿ ಬೇಕಾಗುವುದು ಇಲ್ಲಿಯೇ.

ಬಫೆ ಮತ್ತು ಕುಟುಂಬ ಬಡಿಕೆ: ತಲೆಗಿಷ್ಟು ಎಂದು ದರ ನಿಗದಿಯಾಗಿರುತ್ತದೆ. ಕುಟುಂಬ ಬಡಿಕೆಯಲ್ಲಿ ದೊಡ್ಡ ಪಾತ್ರೆಗಳನ್ನು ಮೇಜಿಗೆ ತಂದಿಟ್ಟು, ಎಲ್ಲರೂ ಹಂಚಿಕೊಂಡು ತಿನ್ನುವಂತೆ ಮಾಡುತ್ತಾರೆ.

ಪಾತ್ರಗಳೊಡನೆ ಊಟ: ಮಿಕ್ಕಿ, ಡೊನಾಲ್ಡ್, ರಾಜಕುಮಾರಿಯರು ಮುಂತಾದ ಪಾತ್ರಧಾರಿಗಳು ಊಟದ ನಡುವೆ ಮಕ್ಕಳ ಬಳಿಗೆ ಬಂದು ಮಾತನಾಡಿಸಿ ಚಿತ್ರ ತೆಗೆಸಿಕೊಳ್ಳುತ್ತಾರೆ. ಬಲುಬೇಗ ಭರ್ತಿಯಾಗುವುದು ಈ ಬಗೆಯೇ.

ಅರುವತ್ತು ದಿನಗಳ ನಿಯಮ

2020ರ ಮಾರ್ಚ್‌ವರೆಗೆ 180 ದಿನಗಳ ಮೊದಲೇ ಮೇಜು ಕಾಯ್ದಿರಿಸಲು ಅವಕಾಶವಿತ್ತು. ಕೊರೋನಾ ಕಾಲದ ಬಾಗಿಲುಮುಚ್ಚಿಕೆಯ ಅನಂತರ ಈ ಅವಧಿಯನ್ನು 60 ದಿನಗಳಿಗೆ ಇಳಿಸಲಾಯಿತು. ಡಿಸ್ನಿಯ ಸ್ವಂತ ವಸತಿ ಹೋಟೆಲುಗಳಲ್ಲಿ ತಂಗುವವರಿಗೆ ಒಂದು ಅನುಕೂಲವಿದೆ. ತಾವು ಬಂದಿಳಿಯುವ ದಿನಕ್ಕೆ 60 ದಿನ ಮೊದಲು, ಗರಿಷ್ಠ 10 ದಿನಗಳ ವಾಸ್ತವ್ಯದ ಎಲ್ಲ ಊಟಗಳನ್ನೂ ಅವರು ಒಮ್ಮೆಗೇ ಕಾಯ್ದಿರಿಸಬಹುದು.

ಉದಾಹರಣೆಗೆ ಡಿಸೆಂಬರ್ 20ರಂದು ಬಂದಿಳಿಯುವ ಕುಟುಂಬಕ್ಕೆ ಅಕ್ಟೋಬರ್ 21ರಂದು ಬಾಗಿಲು ತೆರೆಯುತ್ತದೆ. ಡಿಸ್ನಿಯ ಹೋಟೆಲಿನಲ್ಲಿ ತಂಗುವವರು ಅದೇ ದಿನ ಡಿಸೆಂಬರ್ 26ರ ಊಟವನ್ನೂ ಕಾಯ್ದಿರಿಸಬಹುದು. ಹೊರಗೆ ತಂಗುವವರು ಅದಕ್ಕಾಗಿ ಅಕ್ಟೋಬರ್ 27ರವರೆಗೆ ಕಾಯಬೇಕು. ಆದ್ದರಿಂದ ಡಿಸ್ನಿ ಹೋಟೆಲಿನ ಅತಿಥಿಗಳು ಹೆಚ್ಚು ಬೇಡಿಕೆಯ ರೆಸ್ಟೋರೆಂಟನ್ನು ಪ್ರವಾಸದ ಕೊನೆಯ ದಿನಗಳಿಗೆ ಇಟ್ಟುಕೊಳ್ಳುವುದು ಜಾಣತನ. ಆ ದಿನಾಂಕಗಳಿಗೆ ಇನ್ನೂ ಸ್ಪರ್ಧೆ ಆರಂಭವಾಗಿರುವುದಿಲ್ಲ.

ಅಂತರ್ಜಾಲದ ಮೂಲಕ ಕಾಯ್ದಿರಿಸುವಿಕೆ ಫ್ಲಾರಿಡಾದ ಬೆಳಗಿನ 6 ಗಂಟೆಯ ವೇಳೆಗೆ ತೆರೆಯುತ್ತದೆ. ಊರಿನಲ್ಲಿ ಕುಳಿತು ಕಾಯ್ದಿರಿಸುವವರಿಗೆ ಅದು ಬೇಸಿಗೆ ವೇಳಾಪಟ್ಟಿಯ ತಿಂಗಳುಗಳಲ್ಲಿ (ಮಾರ್ಚ್ ಮಧ್ಯಭಾಗದಿಂದ ನವೆಂಬರ್ ಮೊದಲ ವಾರದವರೆಗೆ) ಮಧ್ಯಾಹ್ನ 3.30, ಉಳಿದ ತಿಂಗಳುಗಳಲ್ಲಿ ಸಂಜೆ 4.30. ಡಿಸ್ನಿಯ ಖಾತೆ ತೆರೆಯುವುದು, ಮನೆಮಂದಿಯ ಹೆಸರು ಸೇರಿಸುವುದು, ಕ್ರೆಡಿಟ್ ಕಾರ್ಡ್ ವಿವರ ದಾಖಲಿಸುವುದು ಇವೆಲ್ಲವನ್ನೂ ಹಿಂದಿನ ದಿನವೇ ಮುಗಿಸಿರಬೇಕು. ಸದಸ್ಯರ ಸಂಖ್ಯೆಯನ್ನು ನಮೂದಿಸುವಾಗ ಕೈಗೂಸನ್ನೂ ಲೆಕ್ಕಕ್ಕೆ ಸೇರಿಸಬೇಕೆಂಬುದನ್ನು ಮರೆಯಬಾರದು.

ಎಷ್ಟು ಊಟ, ಯಾವ ಹೊತ್ತು?

ದಿನಕ್ಕೆ ಮೂರು ಹೊತ್ತೂ ಮೇಜು ಕಾಯ್ದಿರಿಸುವುದು ಹಣಕ್ಕೂ ಸಮಯಕ್ಕೂ ಹೊರೆ. ಮೇಜಿನ ಸೇವೆಯ ಒಂದು ಊಟಕ್ಕೆ ಒಂದರಿಂದ ಒಂದೂವರೆ ಗಂಟೆ ಹಿಡಿಯುತ್ತದೆ. ದಿನಕ್ಕೊಂದು ಸಾಕು, ಚಿಕ್ಕ ಮಕ್ಕಳಿರುವ ಕುಟುಂಬಕ್ಕೆ ಎರಡು ದಿನಕ್ಕೊಂದಾದರೂ ಸಾಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫ್ಲಾರಿಡಾದಲ್ಲಿ ಬಿಸಿಲು ಪ್ರಖರ. ಮಧ್ಯಾಹ್ನದ ಗುಡುಗುಮಳೆ ಸಾಮಾನ್ಯ. ಆ ತಿಂಗಳುಗಳಲ್ಲಿ ಮಧ್ಯಾಹ್ನದ ಊಟವನ್ನು ಮೇಜಿನ ಸೇವೆಯಲ್ಲಿ ಇಟ್ಟುಕೊಂಡರೆ, ತಂಪಾದ ಕೋಣೆಯಲ್ಲಿ ಹಿರಿಯರಿಗೆ ಒಂದು ಗಂಟೆಯ ವಿಶ್ರಾಂತಿಯೂ ದೊರೆಯುತ್ತದೆ. ಬೆಳಿಗ್ಗೆ ಉದ್ಯಾನ ತೆರೆಯುವ ಹೊತ್ತಿನಲ್ಲಿ ಸವಾರಿಗಳ ಸರದಿ ಚಿಕ್ಕದಾಗಿರುವುದರಿಂದ, ಆ ಸಮಯವನ್ನು ಉಪಾಹಾರಕ್ಕೆ ಕಳೆಯುವುದು ಸರಿಯಲ್ಲ. ಉಪಾಹಾರವೇ ಬೇಕೆಂದಿದ್ದರೆ ವಿಶ್ರಾಂತಿಯ ದಿನಕ್ಕೆ ಇರಲಿ.

ಸವಾರಿಗಳಿಗೆ ಹಣ ತೆತ್ತು ಪಡೆಯುವ ಲೈಟ್ನಿಂಗ್ ಲೇನ್ ಸೌಲಭ್ಯವನ್ನು ಡಿಸ್ನಿ ಹೋಟೆಲಿನ ಅತಿಥಿಗಳು 7 ದಿನ ಮೊದಲು, ಇತರರು 3 ದಿನ ಮೊದಲು ಆಯ್ದುಕೊಳ್ಳಬಹುದು. ಊಟದ ವೇಳೆ ಅದಕ್ಕೂ ಮೊದಲೇ ನಿಶ್ಚಯವಾಗಿರುವುದರಿಂದ, ಅದರ ಹಿಂದುಮುಂದಿನ ಒಂದೂವರೆ ಗಂಟೆಯನ್ನು ಖಾಲಿ ಬಿಟ್ಟು ಸವಾರಿಗಳನ್ನು ಹೊಂದಿಸಿಕೊಳ್ಳಬೇಕು.

ಮಕ್ಕಳಿಗೆ ಒಪ್ಪುವ ಸ್ಥಳಗಳು

* ಸಿಂಡರೆಲ್ಲಾಸ್ ರಾಯಲ್ ಟೇಬಲ್: ಮ್ಯಾಜಿಕ್ ಕಿಂಗ್‌ಡಮ್‌ನ ಕೋಟೆಯೊಳಗಿದೆ. ಬೇಡಿಕೆಯೂ ದರವೂ ಅಧಿಕ.
* ಕ್ರಿಸ್ಟಲ್ ಪ್ಯಾಲೇಸ್: ಅದೇ ಉದ್ಯಾನದಲ್ಲಿದೆ. ವಿನ್ನಿ ದ ಪೂ ಮತ್ತು ಗೆಳೆಯರು ಬರುವ ಬಫೆ. ಪುಟ್ಟ ಮಕ್ಕಳಿಗೆ ಹಿತ.
* ಶೆಫ್ ಮಿಕ್ಕೀಸ್: ಕಾಂಟೆಂಪರರಿ ರೆಸಾರ್ಟಿನಲ್ಲಿದೆ. ಪ್ರವೇಶಪತ್ರ ಬೇಡ. ಮ್ಯಾಜಿಕ್ ಕಿಂಗ್‌ಡಮ್‌ನಿಂದ ನಡೆದೇ ಹೋಗಬಹುದು, ಮೋನೋರೈಲೂ ಉಂಟು.
* ಗಾರ್ಡನ್ ಗ್ರಿಲ್: ಎಪ್ಕಾಟ್‌ನಲ್ಲಿದೆ. ಊಟದ ಅಂಗಳವೇ ನಿಧಾನವಾಗಿ ಸುತ್ತುತ್ತದೆ. ಮಿಕ್ಕಿಯೊಡನೆ ಚಿಪ್, ಡೇಲ್ ಎಂಬ ಅಳಿಲುಗಳು ಬರುತ್ತವೆ.
* ಟಸ್ಕರ್ ಹೌಸ್: ಅನಿಮಲ್ ಕಿಂಗ್‌ಡಮ್‌ನಲ್ಲಿದೆ. ಡೊನಾಲ್ಡ್ ಮತ್ತು ಸಂಗಡಿಗರು ಬರುತ್ತಾರೆ. ಊಟದಲ್ಲಿ ಆಫ್ರಿಕಾದ ಮಸಾಲೆಗಳ ಸೊಗಸಿದೆ.

ವೇಷಧಾರಿಯನ್ನು ಕಂಡು ಅಳುವ ಮಕ್ಕಳೂ ಇರುತ್ತಾರೆ. ಅಂತಹ ಮಗುವಿದ್ದರೆ ಉದ್ಯಾನದಲ್ಲಿ ದೂರದಿಂದ ತೋರಿಸಿ, ಅದರ ಮನಸ್ಸನ್ನು ತಿಳಿದುಕೊಂಡು, ಅನಂತರದ ದಿನಕ್ಕೆ ಈ ಊಟವನ್ನು ಇರಿಸಿಕೊಳ್ಳಬೇಕು. ಇಂತಹ ಊಟ ಇಡೀ ಪ್ರವಾಸಕ್ಕೆ ಒಂದೇ ಸಾಕು.

ಸಸ್ಯಾಹಾರಿಗಳ ಗಮನಕ್ಕೆ

ಭಕ್ಷ್ಯಪಟ್ಟಿಯಲ್ಲಿ ಕೆಲವು ಪದಾರ್ಥಗಳ ಪಕ್ಕದಲ್ಲಿ ಎಲೆಯ ಚಿಹ್ನೆ ಇರುತ್ತದೆ. 2019ರಿಂದ ಬಳಕೆಗೆ ಬಂದ ಈ ಚಿಹ್ನೆಯಿರುವ ತಿನಿಸುಗಳಲ್ಲಿ ಮಾಂಸ, ಹಾಲು, ಮೊಟ್ಟೆ, ಜೇನು ಯಾವುದೂ ಇರುವುದಿಲ್ಲ. ಮೊಟ್ಟೆಯನ್ನೂ ಬಿಟ್ಟವರಿಗೆ ಇದು ನಂಬಬಹುದಾದ ಗುರುತು. ಅಮೆರಿಕದಲ್ಲಿ ಸಸ್ಯಾಹಾರವೆಂದರೆ ಮೊಟ್ಟೆ ಸೇರಿರಬಹುದೆಂಬುದನ್ನು ನೆನಪಿಡಬೇಕು. ತರಕಾರಿ ಸೂಪಿಗೆ ಮಾಂಸದ ಸಾರು ಬಳಸಿರುವುದು, ಮಕ್ಕಳು ಇಷ್ಟಪಡುವ ಮಾರ್ಷ್‌ಮ್ಯಾಲೋ ತಿನಿಸಿನಲ್ಲಿ ಜೆಲಾಟಿನ್ ಇರುವುದು, ಮಾಂಸ ಕರಿದ ಎಣ್ಣೆಯಲ್ಲಿಯೇ ಆಲೂಗಡ್ಡೆ ಕರಿಯುವುದು ಇವೆಲ್ಲ ಸಾಧ್ಯ. ಮಾಣಿಯನ್ನು ಕೇಳಲು ಸಂಕೋಚಪಡಬೇಕಿಲ್ಲ. ಕೇಳಿಕೊಂಡರೆ ಅಡುಗೆಯವರೇ ಮೇಜಿನ ಬಳಿಗೆ ಬಂದು ವಿವರಿಸುವುದೂ ಉಂಟು.

ನಮ್ಮ ನಾಲಿಗೆಗೆ ಹತ್ತಿರವಾದ ಸ್ಥಳವೆಂದರೆ ಅನಿಮಲ್ ಕಿಂಗ್‌ಡಮ್ ಲಾಡ್ಜ್ ಹೋಟೆಲಿನ ಕಿಡಾನಿ ವಿಲೇಜ್‌ನಲ್ಲಿರುವ ಸನಾ. ಆಫ್ರಿಕಾದ ಅಡುಗೆಗೆ ಭಾರತದ ಮಸಾಲೆ ಬೆರೆತ ಊಟ ಇಲ್ಲಿಯದು. ಬಗೆಬಗೆಯ ನಾನ್, ಜೊತೆಗೆ ರಾಯತ, ಮಾವಿನ ಚಟ್ನಿ, ಹುಣಸೆ ಚಟ್ನಿ, ಕೊತ್ತಂಬರಿ ಚಟ್ನಿ, ಉಪ್ಪಿನಕಾಯಿಗಳು ಬರುವ ಇಲ್ಲಿಯ ರೊಟ್ಟಿ ತಟ್ಟೆ ಹೆಸರುವಾಸಿ. ಕಿಟಕಿಯಾಚೆಯ ಹುಲ್ಲುಗಾವಲಿನಲ್ಲಿ ಜಿರಾಫೆ, ಜೀಬ್ರಾಗಳು ಮೇಯುತ್ತಿರುತ್ತವೆ. ಅವು ಕಾಣಬೇಕಾದರೆ ಹಗಲಿನ ಹೊತ್ತಿಗೇ ಮೇಜು ಕಾಯ್ದಿರಿಸಬೇಕು. ಇಲ್ಲಿಗೂ ಪ್ರವೇಶಪತ್ರ ಬೇಡ.

ಬಫೆ ದರ ಎಲ್ಲರಿಗೂ ಒಂದೇ. ನಾಲ್ಕು ಪದಾರ್ಥಗಳನ್ನು ಮಾತ್ರ ತಿನ್ನಬಲ್ಲ ಕಟ್ಟಾ ಸಸ್ಯಾಹಾರಿಗೆ ಅದು ದುಬಾರಿ ಎನಿಸಬಹುದು. ಅಂಥವರು ಪಟ್ಟಿ ನೋಡಿ ಬೇಕಾದುದನ್ನಷ್ಟೇ ತರಿಸಿಕೊಳ್ಳುವ ರೆಸ್ಟೋರೆಂಟನ್ನು ಆರಿಸುವುದು ಲೇಸು.

ಹಿರಿಯರಿಗಾಗಿ

ಉದ್ಯಾನಗಳೊಳಗೆ ಹೊರಗಿನ ಆಹಾರವನ್ನೂ ಮದ್ಯವಲ್ಲದ ಪಾನೀಯವನ್ನೂ ಒಯ್ಯಲು ಅನುಮತಿಯಿದೆ. ಗಾಜಿನ ಸೀಸೆಗಳು ಮಾತ್ರ ಸಲ್ಲವು. ಚಪಾತಿ, ಚಿತ್ರಾನ್ನ, ಅವಲಕ್ಕಿಯಂತಹ ಬುತ್ತಿಯನ್ನು ಕಟ್ಟಿಕೊಂಡು ಹೋಗಬಹುದು. ತ್ವರಿತ ಸೇವೆಯ ಕೌಂಟರುಗಳಲ್ಲಿ ಕೇಳಿದರೆ ತಣ್ಣೀರನ್ನು ಉಚಿತವಾಗಿ ಕೊಡುತ್ತಾರೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಉದ್ಯಾನದ ಪ್ರಥಮ ಚಿಕಿತ್ಸಾ ಕೇಂದ್ರದಲ್ಲಿ ತಂಪಾಗಿ ಇರಿಸಿಕೊಳ್ಳಬಹುದು.

ಒಂದು ಎಚ್ಚರಿಕೆ: ಕಾಯ್ದಿರಿಸಿದ ವೇಳೆಗೆ ಹೋದರೂ ಮೇಜು ತಕ್ಷಣ ದೊರೆಯುತ್ತದೆಂಬ ಖಾತ್ರಿಯಿಲ್ಲ. ಮುಂದೆ ಖಾಲಿಯಾಗುವ ಮೇಜು ನಿಮ್ಮದು ಎಂಬುದಷ್ಟೇ ಅದರ ಅರ್ಥ. ಮದ್ದು ತೆಗೆದುಕೊಂಡು ಊಟಕ್ಕೆ ಕಾಯಬೇಕಾದವರು ಕೈಯಲ್ಲಿ ಬಿಸ್ಕತ್ತನ್ನೋ ಬಾಳೆಹಣ್ಣನ್ನೋ ಇಟ್ಟುಕೊಂಡಿರಲೇಬೇಕು. ತಟ್ಟೆ ಮುಂದೆ ಬಂದ ಮೇಲೆಯೇ ಇನ್ಸುಲಿನ್ ತೆಗೆದುಕೊಳ್ಳಬಹುದೇ ಎಂಬುದನ್ನು ಹೊರಡುವ ಮುನ್ನ ತಮ್ಮ ವೈದ್ಯರಲ್ಲಿ ವಿಚಾರಿಸಬೇಕು.

ಖರ್ಚಿನ ಲೆಕ್ಕ

ನಿಗದಿತ ದರದ ಊಟಗಳಲ್ಲಿ 3ರಿಂದ 9 ವರ್ಷದವರಿಗೆ ಮಕ್ಕಳ ದರ. 10 ವರ್ಷ ತುಂಬಿದವರಿಗೆ ದೊಡ್ಡವರ ದರ. 3 ವರ್ಷದೊಳಗಿನ ಮಗುವಿಗೆ ದರವಿಲ್ಲ. ಪಟ್ಟಿಯಲ್ಲಿ ಕಾಣುವ ದರಕ್ಕೆ ತೆರಿಗೆಯೂ ಟಿಪ್ಸೂ ಸೇರಿರುವುದಿಲ್ಲ. ತೆರಿಗೆ ನೂರಕ್ಕೆ 6.5, ಟಿಪ್ಸ್ ವಾಡಿಕೆಯಂತೆ 18ರಿಂದ 20. ಆರು ಅಥವಾ ಹೆಚ್ಚು ಮಂದಿಯ ತಂಡಕ್ಕೆ ಶೇಕಡಾ 18ರ ಟಿಪ್ಸನ್ನು ಬಿಲ್ಲಿಗೇ ಸೇರಿಸುತ್ತಾರೆ. ಮತ್ತೊಮ್ಮೆ ಕೊಡದಂತೆ ಬಿಲ್ಲನ್ನು ಓದಬೇಕು.

ದೊಡ್ಡವರಿಗೆ 60 ಡಾಲರ್, ಮಕ್ಕಳಿಗೆ 40 ಡಾಲರ್ ದರವೆಂದು ಭಾವಿಸಿದರೆ, ನಾಲ್ವರು ದೊಡ್ಡವರು ಮತ್ತು ಇಬ್ಬರು ಮಕ್ಕಳಿಗೆ 320 ಡಾಲರ್. ತೆರಿಗೆ 20.80, ಟಿಪ್ಸ್ 57.60 ಕೂಡಿಸಿದಾಗ 398.40 ಡಾಲರ್ ಆಗುತ್ತದೆ. ಪಟ್ಟಿಯ ದರಕ್ಕೆ ನಾಲ್ಕನೆಯ ಒಂದು ಭಾಗವನ್ನು ಸೇರಿಸಿ ಅಂದಾಜು ಮಾಡುವುದು ಸುಲಭ ಸೂತ್ರ.

ರದ್ದತಿ ಮತ್ತು ಕೊನೆ ಗಳಿಗೆಯ ದಾರಿ

ಬಹುತೇಕ ರೆಸ್ಟೋರೆಂಟುಗಳಲ್ಲಿ ಎರಡು ಗಂಟೆ ಮೊದಲು ರದ್ದುಪಡಿಸಿದರೆ ದಂಡವಿಲ್ಲ. ಹೇಳದೆ ತಪ್ಪಿಸಿಕೊಂಡರೆ ತಲೆಗೆ 10 ಡಾಲರ್ ಕಡಿತವಾಗುವುದು ಸಾಮಾನ್ಯ. ಹೂಪ್-ಡೀ-ಡೂ ಎಂಬ ಹಾಡುಕುಣಿತದ ಭೋಜನದಂತಹ ಕೆಲವಕ್ಕೆ ಪೂರ್ತಿ ಹಣವನ್ನು ಮುಂಗಡವಾಗಿ ತೆರಬೇಕು; ಅವುಗಳ ನಿಯಮ ಬೇರೆ. ಕಾಯ್ದಿರಿಸುವಾಗಲೇ ಷರತ್ತನ್ನು ಓದಿ ಬರೆದಿಟ್ಟುಕೊಳ್ಳಬೇಕು.

ಬಯಸಿದ ಮೇಜು ಸಿಗದಿದ್ದರೆ ನಿರಾಶೆ ಬೇಡ. ಪ್ರವಾಸದ ಯೋಜನೆ ಬದಲಾದವರು ಕೊನೆಯ ಒಂದೆರಡು ದಿನಗಳಲ್ಲಿ ರದ್ದುಪಡಿಸುವುದರಿಂದ ಜಾಗಗಳು ತೆರವಾಗುತ್ತವೆ. ಆ ದಿನಗಳಲ್ಲಿ ಆ್ಯಪನ್ನು ಮತ್ತೆಮತ್ತೆ ನೋಡುತ್ತಿರಬೇಕು. ದೊಡ್ಡ ತಂಡದವರು ಎರಡು ಚಿಕ್ಕ ಮೇಜುಗಳಿಗೆ ಪ್ರಯತ್ನಿಸಬಹುದು. ಅಂದೇ ಸರದಿಗೆ ಹೆಸರು ಸೇರಿಸುವ ಸೌಲಭ್ಯವೂ ಹಲವೆಡೆ ಇದೆ.

ಕಾಯ್ದಿರಿಸುವ ದಿನ ಆತುರದಲ್ಲಿ ಕಂಡದ್ದನ್ನೆಲ್ಲ ಹಿಡಿಯುವ ಬದಲು, ಮನೆಮಂದಿಯನ್ನು ಕೂರಿಸಿಕೊಂಡು ಒಬ್ಬೊಬ್ಬರ ಅಗತ್ಯವನ್ನು ಕೇಳಿ ಮೂರು ಹೆಸರುಗಳನ್ನು ಆದ್ಯತೆಯ ಕ್ರಮದಲ್ಲಿ ಬರೆದುಕೊಳ್ಳಿ. ಮಕ್ಕಳಿಗೊಂದು, ಹಿರಿಯರ ವಿಶ್ರಾಂತಿಗೊಂದು, ಎಲ್ಲರೂ ಹೊಟ್ಟೆ ತುಂಬ ಉಣ್ಣುವುದಕ್ಕೊಂದು. ಈ ಮೂರು ದೊರೆತರೆ ಉಳಿದ ಹೊತ್ತಿಗೆ ಬುತ್ತಿಯೂ ತ್ವರಿತ ಸೇವೆಯೂ ಸಾಕಾಗುತ್ತವೆ.