ಖಾತೆ ಪುಸ್ತಕ ಯಾರ ಕೈಯಲ್ಲಿ?

ನಮ್ಮ ಬೀದರ್ ಕಡೆ ಸಾಲಕ್ಕೆ ಒಂದೇ ಹೆಸರಿಲ್ಲ. ಕಿರಾಣಿ ಅಂಗಡಿಯಿಂದ ಬರೆಸಿ ತಂದದ್ದು ಉದ್ರಿ. ನಾಲ್ಕು ದಿನಕ್ಕೆ ಅಂತ ಬೀಗರ ಹತ್ತಿರ ಇಸ್ಕೊಂಡದ್ದು ಕೈಗಡ. ಬಿತ್ತೋ ಹೊತ್ತಿಗೆ ಒಂದು ಚೀಲ ಕಾಳು ತಂದು, ರಾಶಿ ಆದಮೇಲೆ ಒಂದೂಕಾಲು ಚೀಲ ಅಳೆದು ಕೊಟ್ಟರೆ ಅದು ಸವಾಯಿ. ಇಷ್ಟೆಲ್ಲ ಹೆಸರಿದ್ದರೂ ಒಂದು ಮಾತು ಮಾತ್ರ ಬಾಯಿಗೆ ಬರಲ್ಲ: "ನನಗೆ ಇಷ್ಟು ಸಾಲ ಆಗ್ಯಾದ, ಏನ್ ಮಾಡ್ಲಿ?"

ಬೆಂಗಳೂರಿನಲ್ಲಿ ನನ್ನ ಜೊತೆ ಕೆಲಸ ಮಾಡೋರ ಬಾಯಿಗೂ ಬರಲ್ಲ. ಕ್ರೆಡಿಟ್ ಕಾರ್ಡಿನ ಮಿನಿಮಮ್ ಡ್ಯೂ ಕಟ್ಟೋಕೆ ಆ್ಯಪ್ ಸಾಲ, ಆ್ಯಪ್ ಸಾಲ ತೀರಿಸೋಕೆ ಇನ್ನೊಂದು ಆ್ಯಪ್. ಸಂಬಳ ಎಷ್ಟು ಅಂತ ಬೇಕಾದರೆ ಹೇಳ್ತಾರೆ, ಸಾಲ ಎಷ್ಟು ಅಂತ ಹೇಳಲ್ಲ. ಇದನ್ನು ನೋಡಿದಾಗೆಲ್ಲ ನನಗೆ ನಮ್ಮ ಜಿಲ್ಲೆಯ ಹಳೆ ಕಥೆ ನೆನಪಾಗುತ್ತೆ. ಅದರಲ್ಲಿ ನಮಗೆಲ್ಲ ಉಪಯೋಗಕ್ಕೆ ಬರೋ ಒಂದು ಪಾಠ ಇದೆ.

ಬೀದರ್, ಭಾಲ್ಕಿ, ಔರಾದ್ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಮನೆಯ ಮಾತು ಕನ್ನಡ, ಔರಾದ್ ಕಡೆ ಕನ್ನಡದ ಜೊತೆ ಮರಾಠಿ. ಆದರೆ ಕಚೇರಿ, ಕೋರ್ಟಿನ ಭಾಷೆ ಉರ್ದು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅಂಥ ಕಾಲದಲ್ಲಿ ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ರೈತನ ಸ್ಥಿತಿ ಯೋಚಿಸಿ. ಕಾಗದ ಓದೋಕೆ ಬರಲ್ಲ, ಖಾತೆ ಪುಸ್ತಕ ಇರೋದು ಸಾವ್ಕಾರನ ಗದ್ದಿಯಲ್ಲಿ. ತನ್ನ ಸಾಲ ಎಷ್ಟು ಅನ್ನೋದು ಸಾವ್ಕಾರ ಹೇಳಿದಾಗಲೇ ಅವನಿಗೆ ಗೊತ್ತಾಗೋದು. ಇವತ್ತಿಗೂ ಬೀದರ್‌ನಲ್ಲಿ ಹಳೇ ಜಮೀನಿನ ಕಾಗದ ತೆಗೆದರೆ ಉರ್ದು ಓದೋರನ್ನ ಹುಡುಕಬೇಕಾಗುತ್ತೆ.

ಪಕ್ಕದ ಬ್ರಿಟಿಷ್ ಮುಂಬೈ ಪ್ರಾಂತ್ಯದಲ್ಲೂ ಇದೇ ಗೋಳು. ಅಮೆರಿಕದಲ್ಲಿ ಅಂತರ್ಯುದ್ಧ ನಡೆದ 1861–65ರಲ್ಲಿ ಅಲ್ಲಿನ ಹತ್ತಿ ಬರೋದು ನಿಂತು, ನಮ್ಮ ದಖ್ಖನಿನ ಹತ್ತಿಗೆ ಬಂಗಾರದ ಬೆಲೆ ಬಂತು, ಸಾವ್ಕಾರರು ಕರೆದು ಕರೆದು ಸಾಲ ಕೊಟ್ಟರು. ಯುದ್ಧ ಮುಗಿದು ಬೆಲೆ ಬಿತ್ತು, ಸಾಲ ಉಳೀತು. ಅದರ ಮೇಲೆ 1859ರ ಕಾಲಮಿತಿ ಕಾನೂನು ಬೇರೆ. ಮೂರು ವರ್ಷ ದಾಟಿದ ಸಾಲಕ್ಕೆ ದಾವೆ ಹಾಕೋ ಹಾಗಿಲ್ಲ ಅಂತ ಮಾಡಿದ್ದು ರೈತನ ಒಳ್ಳೇದಕ್ಕೇ. ಸಾವ್ಕಾರರು ಮೂರು ವರ್ಷಕ್ಕೊಮ್ಮೆ ಬಡ್ಡಿಯನ್ನೂ ಅಸಲಿಗೆ ಸೇರಿಸಿ ಹೊಸ ಪತ್ರ ಬರೆಸಿಕೊಳ್ಳೋಕೆ ಶುರು ಮಾಡಿದರು. ಈಗಿನ ಭಾಷೆಯಲ್ಲಿ ರೋಲ್‌ಓವರ್.

1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಸಂತೆಯಲ್ಲಿ ರೈತರು ಎದ್ದರು. ದಂಗೆ ಅಹ್ಮದ್‌ನಗರ ಜಿಲ್ಲೆಗೂ ಹಬ್ಬಿತು. ಅವರು ಹುಡುಕಿದ್ದು ಏನನ್ನ ಗೊತ್ತಾ? ಸಾಲದ ಪತ್ರ, ಖಾತೆ ಪುಸ್ತಕಗಳನ್ನ. ಸಿಕ್ಕ ಕಡೆ ಸುಟ್ಟರು.

ಸರ್ಕಾರ ಆಯೋಗ ನೇಮಿಸಿತು, 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಬಂತು. ಮೊದಲು ಪುಣೆ, ಸಾತಾರಾ, ಸೋಲಾಪುರ, ಅಹ್ಮದ್‌ನಗರ ಈ ನಾಲ್ಕು ಜಿಲ್ಲೆಗೆ. ಪತ್ರದಲ್ಲಿ ಬರೆದದ್ದನ್ನೇ ನಂಬದೆ ಸಾಲದ ಪೂರ್ತಿ ಇತಿಹಾಸ ಕೆದಕೋ ಅಧಿಕಾರ ಕೋರ್ಟಿಗೆ ಸಿಕ್ಕಿತು: ಮೊದಲು ಕೈಗೆ ಬಂದದ್ದು ಎಷ್ಟು, ಕಟ್ಟಿದ್ದು ಎಷ್ಟು, ಉಳಿದದ್ದು ಎಷ್ಟು. ರೈತನ ಸಾಲಪತ್ರ ಹಳ್ಳಿಯ ನೋಂದಣಿದಾರನ ಮುಂದೆಯೇ ಆಗಬೇಕು. ಕಟ್ಟಿದ್ದಕ್ಕೆ ರಸೀದಿ ಕೊಡಬೇಕು. ಸಾಲಕ್ಕಾಗಿ ರೈತನನ್ನ ಜೈಲಿಗೆ ಹಾಕೋ ಹಾಗಿಲ್ಲ. ಅಂದರೆ ಇಬ್ಬರ ನಡುವೆ ಮುಚ್ಚಿಟ್ಟ ಲೆಕ್ಕವನ್ನ ಮೂರನೆಯವರ ಮುಂದೆ ತಂದಿಟ್ಟರು. ನನ್ನ ಮಟ್ಟಿಗೆ ಸಾಲದ ಇತಿಹಾಸದಲ್ಲಿ ದೊಡ್ಡ ತಿರುವು ಅದೇ.

ಆ ಕಾಯ್ದೆ ನಿಜಾಮರ ಗಡಿ ದಾಟಲಿಲ್ಲ. ನಮ್ಮ ಕಡೆ ಸಾವ್ಕಾರರಿಗೆ ಲೈಸೆನ್ಸ್ ಬೇಕು ಅನ್ನೋ ಹೈದರಾಬಾದ್ ಕಾನೂನು ಬರೋಕೆ ಫಸಲಿ 1349, ಅಂದರೆ 1939–40 ಆಗಬೇಕಾಯ್ತು. ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲೇ ಸಹಕಾರ ಸಂಘ ಕಟ್ಟಿದ್ದರು. ಆದರೂ 1951–52ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ ಲೆಕ್ಕ ಹಾಕಿದಾಗ ಹಳ್ಳಿಯ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇ. 3ರಷ್ಟು ಮಾತ್ರ. ಸಾವ್ಕಾರರದ್ದು ಶೇ. 70ರಷ್ಟು.

1998ರಲ್ಲಿ ಬೀದರ್ ಹೆಸರು ಇಡೀ ದೇಶದ ಪತ್ರಿಕೆಗಳಲ್ಲಿ ಬಂತು, ಬರಬಾರದ ಕಾರಣಕ್ಕೆ. ತೊಗರಿ ಕೈಕೊಟ್ಟಿತ್ತು, ರೈತರ ಆತ್ಮಹತ್ಯೆಗಳು ವರದಿಯಾದವು. ಸಮಾಜಶಾಸ್ತ್ರಜ್ಞೆ ಎ.ಆರ್. ವಾಸವಿ ಮರುವರ್ಷ 'ಇಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'ಯಲ್ಲಿ ಇದರ ಬಗ್ಗೆಯೇ ಬರೆದರು. ಬೇಸಾಯ ಒಬ್ಬೊಬ್ಬರ ಒಂಟಿ ಜೂಜಾಗಿಬಿಟ್ಟಿದೆ ಅನ್ನೋದು ಅವರ ಬರಹಗಳಲ್ಲಿ ಮತ್ತೆ ಮತ್ತೆ ಬರೋ ವಿಚಾರ. ಮೊದಲು ಬೀಜ, ಬುದ್ಧಿಮಾತು, ಕಷ್ಟ ಎಲ್ಲವನ್ನೂ ಊರು ಹಂಚಿಕೊಳ್ಳುತ್ತಿತ್ತು. ಈಗ ಎಣ್ಣೆ-ಗೊಬ್ಬರದ ಅಂಗಡಿಯವನೇ ಸಲಹೆಗಾರ, ಅವನೇ ಉದ್ರಿ ಕೊಡೋನು. ಬೆಳೆ ಹೋದಾಗ ನಷ್ಟವೂ ಒಬ್ಬನದೇ, ನಾಚಿಕೆಯೂ ಒಬ್ಬನದೇ.

ಹೆಚ್ಚುಕಮ್ಮಿ ಅದೇ ವರ್ಷಗಳಲ್ಲಿ ಅದೇ ಜಿಲ್ಲೆಯಲ್ಲಿ ಇನ್ನೊಂದು ಕೆಲಸವೂ ನಡೀತಿತ್ತು. ಔರಾದ್‌ನಿಂದ ಶಾಸಕರಾಗಿದ್ದ ಗುರುಪಾದಪ್ಪ ನಾಗಮಾರಪಳ್ಳಿ ಅವರ ಮುಂದಾಳತ್ವದಲ್ಲಿ ಬೀದರ್ ಡಿಸಿಸಿ ಬ್ಯಾಂಕ್ ಹಳ್ಳಿ ಹಳ್ಳಿಯಲ್ಲಿ ಮಹಿಳೆಯರ ಸ್ವಸಹಾಯ ಸಂಘ ಕಟ್ಟಿಸಿತು. ಕ್ರಮ ಸರಳ. ಮೊದಲು ಉಳಿತಾಯ, ಆಮೇಲೆ ಸಾಲ. ತಪ್ಪದೆ ಸಭೆ. ಯಾರಿಗೆ ಎಷ್ಟು, ಯಾಕೆ, ಬಡ್ಡಿ ಎಷ್ಟು ಅಂತ ಎಲ್ಲರ ಎದುರೇ ತೀರ್ಮಾನ, ಎಲ್ಲರ ಎದುರೇ ಬರಹ. ಸಾವ್ಕಾರನ ಗದ್ದಿಯಲ್ಲಿದ್ದ ಖಾತೆ ಪುಸ್ತಕ ಗುಡಿಯ ಕಟ್ಟೆಗೆ ಬಂದು ಕೂತ ಹಾಗೆ.

ಆದರೆ ಒಂದು ಮಾತು ಹೇಳಲೇಬೇಕು. ಈಗ ನಮ್ಮ ಕಡೆ 'ಸಂಘದ ಸಾಲ' ಅಂದರೆ ಮೈಕ್ರೋಫೈನಾನ್ಸ್ ಸಾಲವೂ ಹೌದು. ಅಲ್ಲೂ ಹೆಂಗಸರ ಗುಂಪು, ಅಲ್ಲೂ ಸಭೆ. ಆದರೆ ಒಬ್ಬಾಕೆ ಕಂತು ತಪ್ಪಿಸಿದರೆ ಉಳಿದವರನ್ನ ಅವಳ ಮನೆ ಮುಂದೆ ಕೂರಿಸೋದೂ ಉಂಟು. ಸಾವ್ಕಾರನ ಆಳು ಬಾಗಿಲಿಗೆ ಬಂದು ತಗಾದೆ ಮಾಡಿದ್ದೂ, ಆ್ಯಪ್‌ನವರು ನಿಮ್ಮ ಫೋನಿನಲ್ಲಿರೋ ಎಲ್ಲರಿಗೂ ಮೆಸೇಜ್ ಹಾಕೋದೂ ಇದೇ ಜಾತಿ. ಇಲ್ಲಿ ಬಯಲಿಗೆ ಬರೋದು ಲೆಕ್ಕ ಅಲ್ಲ, ಮನುಷ್ಯನ ಮಾನ. ಎರಡನ್ನೂ ಒಂದೇ ಅಂದುಕೊಂಡಿರೋದರಿಂದಲೇ ನಾವು ಸಾಲ ಮುಚ್ಚಿಡ್ತೀವಿ.

ಈ ಎರಡನೇದನ್ನ ತಡೆಯೋಕೆ ಈಗ ಕಾನೂನಿದೆ. 2025ರ ಫೆಬ್ರವರಿ 12ರಂದು ಕರ್ನಾಟಕ ಸರ್ಕಾರ ಕಿರುಸಾಲ ಮತ್ತು ಸಣ್ಣ ಸಾಲದ ಬಲವಂತದ ವಸೂಲಿ ವಿರುದ್ಧ ಸುಗ್ರೀವಾಜ್ಞೆ ತಂದಿತು, ಮುಂದೆ ಅದೇ ಕಾಯ್ದೆಯಾಯ್ತು. ಶಿಕ್ಷೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಆರ್‌ಬಿಐ ನೋಂದಣಿ ಇರೋ ಬ್ಯಾಂಕು, ಎನ್‌ಬಿಎಫ್‌ಸಿಗಳು ಇದರ ಹೊರಗೆ, ಅವಕ್ಕೆ ಆರ್‌ಬಿಐ ನಿಯಮ. ಆ ನಿಯಮದ ಪ್ರಕಾರ ವಸೂಲಿಯವರು ಬೆಳಿಗ್ಗೆ 8ರ ಮೊದಲು, ಸಂಜೆ 7ರ ನಂತರ ಫೋನ್ ಮಾಡೋ ಹಾಗಿಲ್ಲ. ಸಾಲದ ಆ್ಯಪ್ ನಿಮ್ಮ ಕಾಂಟ್ಯಾಕ್ಟ್ ಪಟ್ಟಿ ಮುಟ್ಟೋ ಹಾಗಿಲ್ಲ. ಸಾಲದ ಒಟ್ಟು ವಾರ್ಷಿಕ ವೆಚ್ಚವನ್ನ ಒಂದು ಹಾಳೆಯಲ್ಲಿ ಬರೆದು ಕೊಡಲೇಬೇಕು.

ಹಾಗಾದರೆ ಸಾಲ ಕುತ್ತಿಗೆಗೆ ಬಂದಿದ್ದರೆ ಏನ್ ಮಾಡೋದು? 1879ರ ಕೋರ್ಟು ಮಾಡಿದ್ದನ್ನೇ. ಒಂದು ಹಾಳೆ ತಗೊಂಡು ಪ್ರತಿ ಸಾಲಕ್ಕೂ ಬರೀರಿ: ಕೈಗೆ ಬಂದದ್ದು, ಕಟ್ಟಿದ್ದು, ಉಳಿದದ್ದು, ಬಡ್ಡಿ ದರ. ಮರೆತದ್ದು ಸಿಗಲಿ ಅಂತ ಕ್ರೆಡಿಟ್ ರಿಪೋರ್ಟ್ ತೆಗೀರಿ, ವರ್ಷಕ್ಕೊಂದು ಪುಕ್ಕಟೆ ಸಿಗುತ್ತೆ. ಆ ಹಾಳೆಯನ್ನ ನಂಬಿಕೆಯ ಒಬ್ಬರಿಗೆ ತೋರಿಸಿ. ಹೊಸ ಸಾಲದಿಂದ ಹಳೇದು ತೀರಿಸೋದು ನಿಲ್ಲಿಸಿ, ಕಂತು ಬದಲಿಸಿಕೊಡಿ ಅಂತ ಬ್ಯಾಂಕಿಗೆ ಬರವಣಿಗೆಯಲ್ಲೇ ಕೇಳಿ. ದೂರು ಕೊಟ್ಟು 30 ದಿನದಲ್ಲಿ ಉತ್ತರ ಬರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್ ಇದ್ದಾರೆ. ಕೋರ್ಟಿನ ನೋಟಿಸ್ ಬಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನ ಕೇಳಬಹುದು, ಬೀದರ್‌ನಲ್ಲೂ ಇದೆ, ಸಹಾಯವಾಣಿ 15100. ರಾತ್ರಿ ನಿದ್ದೆ ಬರದೆ, ಬದುಕೇ ಬೇಡ ಅನ್ನಿಸಿದರೆ ಹಾಳೆ ಬದಿಗಿಡಿ, ಮೊದಲು ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಸುಪೆಯ ರೈತರಿಗೆ ತಮ್ಮ ಲೆಕ್ಕ ನೋಡೋ ದಾರಿ ಇರಲಿಲ್ಲ, ಪುಸ್ತಕ ಸುಟ್ಟರು. ನಮ್ಮ ಪುಸ್ತಕ ನಮ್ಮ ಫೋನಿನಲ್ಲೇ ಇದೆ. ಈ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು, ಅದನ್ನ ತೆಗೆದು ಬರೆಯೋಕೆ ಕೂತ್ಕೊಳ್ಳಿ.